ಮನೆಯಲ್ಲಿ ತುಳು, ಪಾಠದಲ್ಲಿ ಕನ್ನಡ, ಪರೀಕ್ಷೆಯಲ್ಲಿ ಇಂಗ್ಲಿಷ್: ಉಡುಪಿ ಪರಿಸರದಲ್ಲಿ ಕಲಿಕಾ ನ್ಯೂನತೆಯ ಮೌಲ್ಯಮಾಪನ

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ. 94 ಪಡೆದು ರಾಜ್ಯಕ್ಕೇ ಮೊದಲಾಯಿತು. ಓದಿಗೆ ಇಷ್ಟೊಂದು ಬೆಲೆ ಕೊಡುವ ನೆಲದಲ್ಲಿ, ಮೂರನೇ ತರಗತಿಗೆ ಬಂದರೂ ಒಂದು ಸಾಲನ್ನು ತಡವರಿಸದೆ ಓದಲಾಗದ ಮಗುವಿನ ಪಾಡು ಕಷ್ಟದ್ದು. ಬಾಯಲ್ಲಿ ಲೆಕ್ಕ ಕೇಳಿದರೆ ಥಟ್ಟನೆ ಹೇಳುತ್ತದೆ, ಒಮ್ಮೆ ಕೇಳಿದ ಕಥೆಯನ್ನು ಮರೆಯುವುದಿಲ್ಲ. ಪುಸ್ತಕ ತೆರೆದರೆ ಮಾತ್ರ ಮುದುಡಿಕೊಳ್ಳುತ್ತದೆ. ‘ಉದಾಸೀನ, ಬೇರೇನಿಲ್ಲ’ ಎಂಬ ತೀರ್ಪು ಮನೆಯಲ್ಲೂ ಶಾಲೆಯಲ್ಲೂ ಬೇಗನೆ ಬೀಳುತ್ತದೆ.

ಇಂಥ ಮಗುವನ್ನು ಕಾಪುವಿನಿಂದಲೋ ಕಾರ್ಕಳದಿಂದಲೋ ಮೌಲ್ಯಮಾಪನಕ್ಕೆಂದು ಮಣಿಪಾಲದ ಆಸ್ಪತ್ರೆಗೆ ಕರೆತರುವ ತಂದೆತಾಯಿಗೆ ಅಲ್ಲಿ ಏನು ನಡೆಯುತ್ತದೆಂಬ ಕಲ್ಪನೆ ಇರುವುದು ಅಪರೂಪ. ಕೆಲವರು ತಲೆಯ ಸ್ಕ್ಯಾನ್ ನಿರೀಕ್ಷಿಸುತ್ತಾರೆ, ಕೆಲವರು ರಕ್ತಪರೀಕ್ಷೆ. ಬುದ್ಧಿ ಚುರುಕಾಗಿದ್ದೂ ಓದು, ಬರಹ ಅಥವಾ ಲೆಕ್ಕದಲ್ಲಿ ಎಡವುವ ಈ ತೊಡಕಿಗೆ ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ಹೆಸರು; ಅದನ್ನು ಎರಡೂ ಪತ್ತೆಹಚ್ಚಲಾರವು. ಅದು ತಿಳಿಯುವುದು ಮಾತುಕತೆಯಿಂದ, ನೋಟ್‌ಬುಕ್‌ಗಳಿಂದ, ಮಗು ಓದುವಾಗ, ಬರೆಯುವಾಗ ಪಕ್ಕದಲ್ಲಿ ಕೂತು ಗಮನಿಸುವುದರಿಂದ.

ಮೊದಲ ಭೇಟಿಯ ಹೆಚ್ಚಿನ ಪಾಲು ಹೆತ್ತವರೊಡನೆಯ ಮಾತಿಗೇ ಮೀಸಲು. ಹೆರಿಗೆ ಹೇಗಾಯಿತು, ಮಾತು ಯಾವಾಗ ಬಂತು, ಕಿವಿ ಸೋರುತ್ತಿತ್ತೇ, ಶಾಲೆ ಬದಲಾಯಿತೇ, ಮನೆತನದಲ್ಲಿ ಬೇರೆ ಯಾರಿಗಾದರೂ ಓದು ಕಷ್ಟವಾಗಿತ್ತೇ ಎಂದೆಲ್ಲ ಕೇಳುತ್ತಾರೆ. ಕಣ್ಣು, ಕಿವಿಯ ತಪಾಸಣೆ ಮುಗಿದಿರಬೇಕು. ಆಮೇಲೆ ಬುದ್ಧಿಶಕ್ತಿಯ ಪರೀಕ್ಷೆ. ಭಾರತದಲ್ಲಿ ಇದಕ್ಕೆ ಹಳೆಯ ಬೇರುಗಳಿವೆ: ವಿ.ವಿ. ಕಾಮತ್ ಅವರು ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಒಗ್ಗಿಸಿ 1934ರಲ್ಲೇ ಪ್ರಕಟಿಸಿದ್ದರು. ಮಾಲಿನ್ ರೂಪಿಸಿದ ಮಿಸಿಕ್ ಎಂಬ ಮಾಪನವೂ ಇಂದಿಗೂ ಬಳಕೆಯಲ್ಲಿದೆ. ಮಾತಿನ ಪ್ರಶ್ನೆಗಳು ಒಂದು ಭಾಗ, ಚೌಕಗಳನ್ನು ಜೋಡಿಸುವಂಥ ಕೈಕೆಲಸ ಇನ್ನೊಂದು ಭಾಗ.

ಕಲಿಕೆಯನ್ನೇ ನೇರವಾಗಿ ಅಳೆಯುವುದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾಳವಿಕಾ ಕಪೂರ್ ಮತ್ತು ಸಂಗಡಿಗರು 1991ರಲ್ಲಿ ಸಿದ್ಧಪಡಿಸಿದ ಪರೀಕ್ಷಾಸಮೂಹ. 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12ರವರಿಗೆ ಇನ್ನೊಂದು. ಸಾಲುಸಾಲಾಗಿರುವ ಅಂಕಿಗಳಲ್ಲಿ ಹೇಳಿದ್ದನ್ನು ಮಾತ್ರ ಹೊಡೆದುಹಾಕುವುದು, ಓದುವುದು, ಓದಿದ್ದಕ್ಕೆ ಉತ್ತರಿಸುವುದು, ಉಕ್ತಲೇಖನ, ಲೆಕ್ಕ, ಆಕೃತಿಗಳನ್ನು ನೋಡಿ ಬರೆಯುವುದು, ನೆನಪಿನ ಪರೀಕ್ಷೆ, ಹೀಗೆ ಸಾಗುತ್ತದೆ. ಒಂದೇ ದಿನದಲ್ಲಿ ಮುಗಿಯದಿದ್ದರೆ ಗಾಬರಿ ಬೇಡ. ಕಾರ್ಕಳದಿಂದ 30 ಕಿ.ಮೀ.ಗೂ ಹೆಚ್ಚು ಬಸ್ಸಿನಲ್ಲಿ ಕುಲುಕಿ ಬಂದ ಮಗು ದಣಿದಿದ್ದರೆ ಅಂಕ ಇಳಿಯುತ್ತದೆ. ಇನ್ನೊಂದು ದಿನ ಬರಹೇಳುವ ತಜ್ಞರು ಮಗುವಿಗೆ ಉಪಕಾರವನ್ನೇ ಮಾಡುತ್ತಿದ್ದಾರೆ.

ಇಷ್ಟು ಎಲ್ಲ ಊರಿಗೂ ಒಂದೇ. ಕರಾವಳಿಯ ತೊಡಕು ಭಾಷೆಯದು. ಇಲ್ಲಿನ ಮಗು ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡಿ, ಅಂಗಡಿ-ಬಸ್ಸಿನಲ್ಲಿ ಕನ್ನಡ ಕೇಳಿ, ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಕೂತಿರಬಹುದು. ಅದರ ಇಂಗ್ಲಿಷ್ ಓದು ಸೋತಿತೆಂದರೆ ನ್ಯೂನತೆಯೋ, ಆ ಭಾಷೆ ಕಿವಿಗೆ ಬಿದ್ದದ್ದೇ ಕಡಿಮೆಯೋ? ಒಂದೇ ಭಾಷೆಯಲ್ಲಿ ಪರೀಕ್ಷಿಸಿದ ವರದಿ ಇದಕ್ಕೆ ಉತ್ತರ ಕೊಡಲಾರದು. ಕಲಿತ ಎರಡೂ ಲಿಪಿಗಳಲ್ಲಿ ಓದಿಸಿ, ಕಥೆಯನ್ನು ಮನೆಮಾತಿನಲ್ಲಿ ಹೇಳಿಸಿ ಹೋಲಿಸಿದಾಗ ಮಾತ್ರ ಚಿತ್ರ ತಿಳಿಯಾಗುತ್ತದೆ. ಮನೆಮಾತಿನಲ್ಲಿ ಸರಾಗವಾಗಿ ಮಾತನಾಡುವ ಮಗು, ಸಾಕಷ್ಟು ಪಾಠವಾದ ಮೇಲೂ ಎರಡೂ ಲಿಪಿಗಳಲ್ಲಿ ಒಂದೇ ರೀತಿ ಎಡವಿದರೆ ಸಂಶಯ ಗಟ್ಟಿಯಾಗುತ್ತದೆ.

ತಪ್ಪುಗಳನ್ನು ಎಣಿಸುವುದರ ಜೊತೆಗೆ ಅವುಗಳ ಜಾತಿಯನ್ನೂ ನೋಡಬೇಕು. ತುಳುವಿನ ದೇಸಿ ಪದಗಳಲ್ಲಿ ಮಹಾಪ್ರಾಣವಿಲ್ಲ. ಹಾಗಾಗಿ ತುಳು ಮನೆಯ ಮಗು ‘ಭೂಮಿ’ಯನ್ನು ‘ಬೂಮಿ’ ಎಂದು ಬರೆದರೆ ಅದು ನಾಲಗೆಯ ರೂಢಿಯೂ ಆಗಿರಬಹುದು. ‘ಅಕ್ಕ’ ವರ್ಷಗಟ್ಟಲೆ ‘ಅಕ’ ಆಗಿಯೇ ಉಳಿದರೆ, ದೀರ್ಘಗಳು ಸದಾ ಜಾರಿಹೋಗುತ್ತಿದ್ದರೆ ಹೆಚ್ಚು ಗಮನ ಬೇಕು. 2007ರ ‘ತಾರೇ ಜಮೀನ್ ಪರ್’ ಚಿತ್ರ ಡಿಸ್ಲೆಕ್ಸಿಯಾದ, ಅಂದರೆ ಓದಿನ ನ್ಯೂನತೆಯ, ಹೆಸರನ್ನು ಮನೆಮನೆಗೆ ತಲುಪಿಸಿತು, ಜೊತೆಗೆ ಅಕ್ಷರ ತಿರುಗಿಸಿ ಬರೆಯುವುದೇ ಅದರ ಗುರುತೆಂಬ ಭಾವನೆಯನ್ನೂ ಬಿತ್ತಿತು. ಕನ್ನಡ ಲಿಪಿಯಲ್ಲಿ ಇಂಗ್ಲಿಷಿನ ಬಿ-ಡಿಯಂಥ ಕನ್ನಡಿ ಜೋಡಿಗಳನ್ನು ಹುಡುಕಿ ಕೂರುವುದರಲ್ಲಿ ಅರ್ಥವಿಲ್ಲ. ಇಲ್ಲಿ ಕಾಡುವುದು ಗುಣಿತ, ಒತ್ತು, ಮತ್ತು ಬ-ಭ, ಪ-ಷಗಳಂಥ ಸಣ್ಣ ಗೀಟಿನ ವ್ಯತ್ಯಾಸಗಳು.

ಇನ್ನೊಂದು ಎಚ್ಚರಿಕೆ ಸೊನಾಲಿ ನಾಗ್ ಅವರ ಸಂಶೋಧನೆಯಿಂದ ಬರುತ್ತದೆ. ಕನ್ನಡದ ಅಕ್ಷರಜ್ಞಾನ ಪೂರ್ಣವಾಗಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂದು ಅವರ 2007ರ ಅಧ್ಯಯನ ತೋರಿಸಿತು. ಎರಡನೇ ತರಗತಿಯ ಮಗುವಿಗೆ ಒತ್ತಕ್ಷರ ಬಾರದೆಂದು ಕೂಡಲೇ ಹೆಸರಿಡುವುದು ಅನ್ಯಾಯ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಅಂಗವೈಕಲ್ಯದ 21 ವಿಧಗಳಲ್ಲಿ ಒಂದಾಗಿ ಸೇರಿಸಿತು. 2018ರ ಜನವರಿಯ ಮಾರ್ಗಸೂಚಿಯು ಪ್ರಮಾಣಪತ್ರಕ್ಕೆ 8 ವರ್ಷ ತುಂಬಿರಬೇಕೆಂದಿತು, ಬುದ್ಧಿಸೂಚ್ಯಂಕ 85ಕ್ಕಿಂತ ಮೇಲಿರಬೇಕೆಂದಿತು, 14 ಮತ್ತು 18ರಲ್ಲಿ ಮರುಪರೀಕ್ಷೆ ಹೇಳಿತು. ಆದರೆ ತೊಡಕು ಕಾಣಿಸಿಕೊಳ್ಳುವುದು 6ರಲ್ಲೇ. ಅದೇ ಕಾಯ್ದೆಯ 16ನೇ ಕಲಂ ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮ ಅನುಸರಿಸುವ ಹೊಣೆಯನ್ನು ಶಿಕ್ಷಣಸಂಸ್ಥೆಗಳ ಮೇಲೆ ಹೊರಿಸಿದೆ. ಪ್ರಮಾಣಪತ್ರಕ್ಕೆ ಕಾಯುತ್ತ ಆ ಎರಡು ವರ್ಷಗಳನ್ನು ಖಾಲಿ ಬಿಡಲು ಯಾವ ಶಾಲೆಗೂ ಕಾರಣವಿಲ್ಲ. ಧ್ವನಿ ಬಿಡಿಸುವ ಆಟ, ದಿನಕ್ಕೆ ಕೆಲವೇ ಅಕ್ಷರಗಳ ಅಭ್ಯಾಸ, ಉತ್ತರವನ್ನು ಬಾಯಿಮಾತಿನಲ್ಲಿ ಹೇಳುವ ಅವಕಾಶ ಇವಕ್ಕೆ ಯಾರ ಮುದ್ರೆಯೂ ಬೇಕಿಲ್ಲ.

ವರದಿ ಕೈಗೆ ಬಂದಾಗ ಹೆತ್ತವರು ಮೊದಲು ನೋಡುವುದು ಐಕ್ಯೂ ಅಂಕಿಯನ್ನು. ಅದಕ್ಕಿಂತ ಮುಖ್ಯವಾದದ್ದು ಕೊನೆಯ ಪುಟದ ಶಿಫಾರಸು, ಮತ್ತು ಯಾವ ಪರೀಕ್ಷೆಯನ್ನು ಯಾವ ಭಾಷೆಯಲ್ಲಿ ನಡೆಸಿದರೆಂಬ ವಿವರ. ಅದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು. 14ರ ಮರುಪರೀಕ್ಷೆ ಬರುವ ಹೊತ್ತಿಗೆ ಮಗು ಎಂಟು-ಒಂಬತ್ತನೇ ತರಗತಿಯಲ್ಲಿರುತ್ತದೆ, ಹೆಚ್ಚುವರಿ ಸಮಯ ಮತ್ತು ಬರಹಗಾರರ ನೆರವಿನ ಪ್ರಶ್ನೆ ಎದುರಿಗಿರುತ್ತದೆ. ಆಗ ಹಳೆಯ ವರದಿಯ ಜೊತೆಗೆ ಮೂರನೇ ತರಗತಿಯ ನೋಟ್‌ಬುಕ್ಕೂ ಕಪಾಟಿನಲ್ಲಿ ಉಳಿದಿದ್ದರೆ, ಹೊಸ ಪರೀಕ್ಷಕರಿಗೆ ಹೋಲಿಸಲು ಗಟ್ಟಿ ಆಧಾರ ಸಿಗುತ್ತದೆ.