ಈ ಡಿಗ್ರಿ ಯಾವ ರಾಜ್ಯದಲ್ಲಿ ನಡೆಯುತ್ತೆ?

ನಮ್ಮ ಚಿಕ್ಕಪ್ಪನ ಮಗಳು ಬಿಎಸ್ಸಿ ನರ್ಸಿಂಗ್ ಸೇರಿದಾಗ ನಾನು ಬಿಇ ಕೊನೇ ವರ್ಷದಲ್ಲಿದ್ದೆ. ಇಂಗ್ಲಿಷ್ ಬರುತ್ತೆ ಅನ್ನೋ ಕಾರಣಕ್ಕೆ ಅಡ್ಮಿಷನ್ ದಿನ ಚಿಕ್ಕಪ್ಪ ನನ್ನನ್ನೂ ಕರೆದುಕೊಂಡು ಹೋಗಿದ್ದರು. "ಈ ಡಿಗ್ರಿ ಇದ್ರೆ ಅಮೆರಿಕಾ, ಲಂಡನ್ನು, ಎಲ್ಲಿಗೆ ಬೇಕಾದ್ರೂ ಹೋಗಬಹುದು" ಅಂದರು ಕೌಂಟರಿನಲ್ಲಿ ಕೂತಿದ್ದವರು. ನಾನು ತಲೆಯಾಡಿಸಿದೆ. ಚಿಕ್ಕಪ್ಪ ಆ ವರ್ಷದ ಕೊಬ್ಬರಿ ದುಡ್ಡನ್ನು ಅಲ್ಲೇ ಎಣಿಸಿ ಕೊಟ್ಟರು.

ಅವಳು ಬೆಂಗಳೂರಿನ ಐಸಿಯುಗಳಲ್ಲಿ ಆರು ವರ್ಷ ದುಡಿದಳು. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಅಲ್ಲಿನ ನರ್ಸಿಂಗ್ ಬೋರ್ಡಿಗೆ ಅರ್ಜಿ ಹಾಕಿದರೆ ಬಂದ ಉತ್ತರ ಇಷ್ಟು: ಕೆಲವು ವಿಷಯಗಳಲ್ಲಿ ನಿಮ್ಮ ಪಾಠ ಮತ್ತು ಆಸ್ಪತ್ರೆಯ ತರಬೇತಿ ಒಂದೇ ಅವಧಿಯಲ್ಲಿ ನಡೆದಿಲ್ಲ, ಆ ಕೊರತೆ ತುಂಬಿಕೊಂಡು ಬನ್ನಿ. ರಾತ್ರಿ ಫೋನ್ ಮಾಡಿ ಕೇಳಿದಳು: "ಅಣ್ಣ, ಆವತ್ತು ನೀನೂ ಇದ್ಯಲ್ಲ, ಇಂಥದ್ದೊಂದಿದೆ ಅಂತ ಯಾರಾದ್ರೂ ಹೇಳಿದ್ರಾ?"

ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಆ ಪ್ರಶ್ನೆಯ ಹಿಂದೆ ಹೋದಾಗ ಗೊತ್ತಾಯಿತು, ಅಮೆರಿಕದಲ್ಲಿ ಇದಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ.

ಅಲ್ಲಿ ವೃತ್ತಿಗೆ ಲೈಸೆನ್ಸ್ ಕೊಡೋದು ಕೇಂದ್ರ ಸರ್ಕಾರವಲ್ಲ, ರಾಜ್ಯಗಳು. ವೈದ್ಯರ ವಿಷಯದಲ್ಲಿ ರಾಜ್ಯಗಳ ಈ ಅಧಿಕಾರವನ್ನು ಅಲ್ಲಿನ ಸುಪ್ರೀಂ ಕೋರ್ಟು 1889ರಲ್ಲೇ ಎತ್ತಿಹಿಡಿಯಿತು. ನರ್ಸ್‌ಗಳ ಸರದಿ ಬಂದದ್ದು 1903ರಲ್ಲಿ. ಮೊದಲು ನಾರ್ತ್ ಕ್ಯಾರೊಲಿನಾ, ಅದೇ ವರ್ಷ ನ್ಯೂಜೆರ್ಸಿ, ನ್ಯೂಯಾರ್ಕ್, ವರ್ಜೀನಿಯಾ ನೋಂದಣಿ ಕಾನೂನು ಮಾಡಿದವು. ಆದರೆ ಆ ಕಾನೂನುಗಳು ಕಾಪಾಡಿದ್ದು ಹೆಸರನ್ನು ಮಾತ್ರ. ನೋಂದಣಿ ಇಲ್ಲದವರು "ರಿಜಿಸ್ಟರ್ಡ್ ನರ್ಸ್" ಅಂತ ಹಾಕಿಕೊಳ್ಳುವಂತಿರಲಿಲ್ಲ, ಅಷ್ಟೇ. ಶುಶ್ರೂಷೆಯ ಕೆಲಸಕ್ಕೇ ಲೈಸೆನ್ಸ್ ಕಡ್ಡಾಯ ಅನ್ನುವ ಮೊದಲ ಕಾನೂನನ್ನು ನ್ಯೂಯಾರ್ಕ್ ಮಾಡಿದ್ದು 1938ರಲ್ಲಿ.

ಪರೀಕ್ಷೆ ಮಾತ್ರ ನಿಧಾನವಾಗಿ ಒಂದಾಗುತ್ತಾ ಬಂತು. 1944ರಲ್ಲಿ ರಾಜ್ಯಗಳು ಹಂಚಿಕೊಳ್ಳುವ ಸಾಮಾನ್ಯ ಪರೀಕ್ಷೆ ಶುರುವಾಯಿತು. 1982ರಲ್ಲಿ ಅದರ ಹೆಸರು ಎನ್‌ಕ್ಲೆಕ್ಸ್ ಆಯಿತು, 1994ರಲ್ಲಿ ಕಂಪ್ಯೂಟರಿಗೆ ಬಂತು. ಇವತ್ತು ಬೆಂಗಳೂರಲ್ಲೇ ಕೂತು ಅದನ್ನು ಬರೆಯಬಹುದು. ನಾವೆಲ್ಲ ಎಡವೋದು ಇಲ್ಲೇ. ಪರೀಕ್ಷೆ ಒಂದೇ ಆದ್ದರಿಂದ ನಿಯಮವೂ ಒಂದೇ ಅಂದುಕೊಳ್ಳುತ್ತೇವೆ. ಪರೀಕ್ಷೆಗೆ ಕೂರಲು ಅರ್ಹತೆ ಇದೆಯೋ ಇಲ್ಲವೋ ಅಂತ ತೀರ್ಮಾನಿಸೋದು ಮಾತ್ರ ಇವತ್ತಿಗೂ ಆಯಾ ರಾಜ್ಯದ ಬೋರ್ಡು.

ಇದರ ಏಟು ಹೊರದೇಶದವರಿಗೆ ಮಾತ್ರ ಬಿದ್ದಿಲ್ಲ. ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿದ್ದ ಎಕ್ಸೆಲ್ಸಿಯರ್ ಕಾಲೇಜು, ಆಗಲೇ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದವರಿಗಾಗಿ ದೂರಶಿಕ್ಷಣದ ನರ್ಸಿಂಗ್ ಕೋರ್ಸ್ ನಡೆಸುತ್ತಿತ್ತು. ಮನೇಲಿ ಓದಿ, ಕೊನೆಗೆ ಪ್ರಾಯೋಗಿಕ ಪರೀಕ್ಷೆ ಕೊಡಬೇಕು. ಮೇಲ್ವಿಚಾರಣೆಯಲ್ಲಿ ನಡೆದ ಆಸ್ಪತ್ರೆ ತರಬೇತಿ ಇದರಲ್ಲಿಲ್ಲ ಅಂತ ಕ್ಯಾಲಿಫೋರ್ನಿಯಾದ ಬೋರ್ಡು 2003ರಲ್ಲಿ ಬಾಗಿಲು ಹಾಕಿತು. ಕಾಲೇಜು ಕೋರ್ಟಿಗೆ ಹೋಯಿತು. 2006ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಬೋರ್ಡಿನ ಪರವಾಗಿ ನಿಂತಿತು. ಒಂದೇ ಡಿಗ್ರಿ, ಒಂದು ರಾಜ್ಯದಲ್ಲಿ ಚಿನ್ನ, ಇನ್ನೊಂದರಲ್ಲಿ ಕಾಗದ.

ಆನ್‌ಲೈನ್ ಕೋರ್ಸುಗಳು ಹೆಚ್ಚಿದ ಹಾಗೆ ಈ ತೊಂದರೆಯೂ ಹೆಚ್ಚಿತು. ಕೊನೆಗೆ ಕೇಂದ್ರ ಶಿಕ್ಷಣ ಇಲಾಖೆ ಹಿಡಿದದ್ದು ಬೇರೆ ದಾರಿ. ರಾಜ್ಯಗಳ ನಿಯಮವನ್ನು ಅದು ಬದಲಾಯಿಸುವ ಹಾಗಿಲ್ಲ. ಆದರೆ ವಿದ್ಯಾರ್ಥಿಗಳಿಗೆ ಕೇಂದ್ರದ ಸಾಲ, ನೆರವು ಸಿಗಬೇಕಾದರೆ ಕಾಲೇಜು ಇಲಾಖೆಯ ಮಾತು ಕೇಳಲೇಬೇಕು. 2020ರ ಜುಲೈ 1ರಿಂದ ಜಾರಿಗೆ ಬಂದ ನಿಯಮ ಹೀಗಿತ್ತು: ಲೈಸೆನ್ಸಿಗೆ ಓದಿಸುವ ಪ್ರತಿ ಕೋರ್ಸಿಗೂ ಕಾಲೇಜು ಒಂದು ಪಟ್ಟಿ ಪ್ರಕಟಿಸಬೇಕು. ಯಾವ ರಾಜ್ಯದ ಶಿಕ್ಷಣದ ಷರತ್ತಿಗೆ ಹೊಂದುತ್ತೆ, ಯಾವುದಕ್ಕೆ ಹೊಂದಲ್ಲ, ಯಾವುದರ ಬಗ್ಗೆ ಇನ್ನೂ ತೀರ್ಮಾನಿಸಿಲ್ಲ. ವಿದ್ಯಾರ್ಥಿ ಇರುವ ರಾಜ್ಯಕ್ಕೆ ಹೊಂದದಿದ್ದರೆ ಅಥವಾ ತೀರ್ಮಾನ ಆಗದಿದ್ದರೆ, ಸೇರುವ ಮೊದಲೇ ಅವರಿಗೆ ಬರಹದಲ್ಲಿ ತಿಳಿಸಬೇಕು. ಸೇರಿದ ಮೇಲೆ "ಹೊಂದಲ್ಲ" ಅಂತ ಗೊತ್ತಾದರೆ 14 ದಿನದೊಳಗೆ ಹೇಳಬೇಕು.

ಇದರಲ್ಲೂ ಒಂದು ತೂತಿತ್ತು. "ತೀರ್ಮಾನಿಸಿಲ್ಲ" ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಸಾಫ್ಟ್‌ವೇರಿನಲ್ಲಿರೋ ನಮಗೆ ಈ ಚಾಳಿ ಚೆನ್ನಾಗಿ ಗೊತ್ತು, ಟೆಸ್ಟೇ ಮಾಡದಿದ್ದರೆ ಬಗ್ಗೂ ಇರಲ್ಲ! 2024ರ ಜುಲೈ 1ರಿಂದ ಆ ಮೂರನೇ ಕಾಲಂ ತೆಗೆದುಹಾಕಿದರು. ಅದರ ಜೊತೆಗೆ, ಬರೀ ಹೇಳಿದರೆ ಸಾಲದು, ಹೊಸದಾಗಿ ಸೇರುವ ವಿದ್ಯಾರ್ಥಿ ಇರುವ ರಾಜ್ಯದ ಷರತ್ತಿಗೆ ಕೋರ್ಸ್ ಹೊಂದಲೇಬೇಕು ಅಂದರು. ಬೇರೆ ರಾಜ್ಯದಲ್ಲಿ ಕೆಲಸ ಮಾಡುವ ಉದ್ದೇಶ ಅವರಿಗಿದ್ದರೆ ಹಾಗಂತ ಬರೆದುಕೊಡಬೇಕು.

ಇದೆಲ್ಲ ನಮ್ಮ ತಂಗಿಗೆ ಉಪಯೋಗಕ್ಕೆ ಬರಲಿಲ್ಲ. ಆ ನಿಯಮ ಅಮೆರಿಕದ ಕೇಂದ್ರದ ನೆರವು ಪಡೆಯುವ ಕಾಲೇಜುಗಳಿಗೆ ಮಾತ್ರ. ನಾವು ನಿಂತಿದ್ದ ಕೌಂಟರಿಗೆ ಅದು ಮುಟ್ಟಲ್ಲ. ಅವಳೀಗ ಕೊರತೆಯ ವಿಷಯಗಳನ್ನು ಮತ್ತೆ ಓದಲು ಸೀಟು ಹುಡುಕುತ್ತಿದ್ದಾಳೆ, ಅಲ್ಲಿಯವರೆಗೆ ಒಂದು ಕ್ಲಿನಿಕ್ಕಿನಲ್ಲಿ ಬಿಲ್ಲಿಂಗ್ ಕೆಲಸ. ವೆಂಟಿಲೇಟರ್ ನೋಡಿಕೊಂಡ ಕೈ ಅದು.

ಹೋದ ತಿಂಗಳು ಊರಿಂದ ಇನ್ನೊಬ್ಬರು ಫೋನ್ ಮಾಡಿದ್ದರು, ಮಗಳನ್ನು ನರ್ಸಿಂಗಿಗೆ ಸೇರಿಸಬೇಕಂತೆ, "ಫಾರಿನ್ನಿಗೂ ನಡೆಯುತ್ತಂತೆ." ನಾನು ಮೂರು ವಿಷಯ ಹೇಳಿದೆ. ಯಾವ ದೇಶ, ಯಾವ ರಾಜ್ಯ ಅಂತ ಹೆಸರು ಹಿಡಿದು ಕೇಳಿ. ಆ ರಾಜ್ಯದ ಬೋರ್ಡಿನ ಷರತ್ತನ್ನು ನೀವೇ ಓದಿ, ನನಗೂ ಕಳಿಸಿ. ಪ್ರತಿ ವಿಷಯದ ಪಾಠ, ತರಬೇತಿ ಯಾವ ಅವಧಿಯಲ್ಲಿ ಎಷ್ಟು ಗಂಟೆ ನಡೆಯುತ್ತೆ ಅಂತ ಕಾಲೇಜಿನಿಂದ ಬರಹದಲ್ಲಿ ತಗೊಳ್ಳಿ.

"ಅಷ್ಟೆಲ್ಲ ಕೇಳಿದ್ರೆ ಬೇಜಾರು ಮಾಡ್ಕೊಳ್ಳಲ್ವೇನಪ್ಪಾ?" ಅಂದರು.

"ಮಾಡ್ಕೊಳ್ಳಲಿ ಬಿಡಿ" ಅಂದೆ. ಆವತ್ತು ತಲೆಯಾಡಿಸೋ ಬದಲು ನಾನೂ ಕೇಳಬೇಕಿತ್ತು.