ಅಕೋನೈಟ್‌ನಿಂದ ಜಿಂಕಂವರೆಗೆ: ಹೋಮಿಯೋಪಥಿಯ ಅಕಾರಾದಿ ಕೈಪಿಡಿಗಳನ್ನು ಓದುವುದು ಹೇಗೆ?

ಕೋಲ್ಕತ್ತಾದ ಉತ್ತರಕ್ಕೆ, ಹೂಗ್ಲಿ ನದಿಯ ದಂಡೆಯಲ್ಲಿರುವ ಬಾರಾನಗರದ ಹೆಸರು ಕನ್ನಡಿಗರಿಗೆ ಹೊಸದೇನಲ್ಲ. ಶ್ರೀರಾಮಕೃಷ್ಣ ಪರಮಹಂಸರ ನಿಧನಾನಂತರ, 1886ರಲ್ಲಿ, ನರೇಂದ್ರ ಮತ್ತು ಆತನ ಗುರುಭಾಯಿಗಳು ಪಾಳುಬಿದ್ದ ಬಾಡಿಗೆ ಮನೆಯೊಂದರಲ್ಲಿ ತಮ್ಮ ಮೊದಲ ಮಠ ಕಟ್ಟಿದ್ದು ಇಲ್ಲೇ. ಆದರೆ ಅದಕ್ಕೆ ಕೆಲವೇ ತಿಂಗಳ ಹಿಂದೆ, ಬಾರಾನಗರದ ಪಕ್ಕದ ಕಾಶಿಪುರದ ತೋಟದ ಮನೆಯಲ್ಲಿ ನಡೆದ ಒಂದು ಚಿಕಿತ್ಸೆಯ ಕಥೆ ಅಷ್ಟಾಗಿ ಚರ್ಚೆಯಾಗಿಲ್ಲ.

ಪರಮಹಂಸರಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಚಿಕಿತ್ಸೆ ನೀಡುತ್ತಿದ್ದವರು ಆ ಕಾಲದ ಪ್ರಸಿದ್ಧ ಹೋಮಿಯೋಪಥಿ ವೈದ್ಯ ಡಾ. ಮಹೇಂದ್ರಲಾಲ್ ಸರ್ಕಾರ್. ಬಳಿಕ ಬೌಬಜಾರ್‌ನ ರಾಜೇಂದ್ರಲಾಲ್ ದತ್ತರೂ ಬಂದು ನೋಡಿ, ಲೈಕೋಪೋಡಿಯಂ 200 ಎಂಬ ಔಷಧ ಆರಿಸಿ ಕೊಟ್ಟರು. ಎರಡು ವಾರಕ್ಕೂ ಸ್ವಲ್ಪ ಹೆಚ್ಚು ಕಾಲ ಉಪಶಮನ ಕಂಡಿತೆಂದು ಸ್ವಾಮಿ ಶಾರದಾನಂದರು ದಾಖಲಿಸಿದ್ದಾರೆ. ಆದರೆ ರೋಗ ನಿಲ್ಲಲಿಲ್ಲ. 1886ರ ಆಗಸ್ಟ್ 16ರಂದು ಪರಮಹಂಸರು ದೇಹ ಬಿಟ್ಟರು.

ನೂರಾರು ಔಷಧಗಳ ನಡುವೆ 'ಇದೇ ಸರಿ' ಎಂದು ಒಂದನ್ನು ವೈದ್ಯರು ಹೇಗೆ ಆರಿಸುತ್ತಾರೆ? ಅದಕ್ಕೆ ನೆರವಾಗುವುದೇ ಹೋಮಿಯೋಪಥಿಯ ಅಕಾರಾದಿ ಕೈಪಿಡಿಗಳು. ಇವು ಇಂದು ವೈದ್ಯರ ಮೇಜಿನ ಮೇಲಷ್ಟೇ ಅಲ್ಲ, ಅನೇಕ ಮನೆಗಳ ಕಪಾಟಿನಲ್ಲೂ, ಮೊಬೈಲ್ ಆ್ಯಪ್‌ಗಳಲ್ಲೂ ಇವೆ. ಅವುಗಳ ಒಳಗೇನಿದೆ, ಹುಡುಕುವ ಕ್ರಮ ಯಾವುದು, ಎಲ್ಲಿ ಎಚ್ಚರ ಬೇಕು ಎಂಬ ವಿವರ ಇಲ್ಲಿದೆ.

ಮೂರು ಬಗೆಯ ಪುಸ್ತಕಗಳು

ಹೋಮಿಯೋಪಥಿಯ ಮೂಲ ಸೂತ್ರ ಸರಳ: ಆರೋಗ್ಯವಂತನಲ್ಲಿ ಯಾವ ವಸ್ತು ಯಾವ ಲಕ್ಷಣ ಹುಟ್ಟಿಸುತ್ತದೆಯೋ, ಅಂಥದೇ ಲಕ್ಷಣವಿರುವ ರೋಗಿಗೆ ಅದೇ ವಸ್ತು ಅತಿ ಸಣ್ಣ ಪ್ರಮಾಣದಲ್ಲಿ ಔಷಧ. ಹಾಗಾಗಿ ರೋಗದ ಹೆಸರಿಗಿಂತ ಲಕ್ಷಣಗಳ ಪಟ್ಟಿ ಇಲ್ಲಿ ಮುಖ್ಯ. ಆ ಪಟ್ಟಿಯನ್ನು ಮೂರು ರೀತಿಯಲ್ಲಿ ಜೋಡಿಸಿದ್ದಾರೆ.

* ಮೆಟೀರಿಯಾ ಮೆಡಿಕಾ: ಔಷಧದ ಹೆಸರಿನ ಕ್ರಮ. ಅಕೋನೈಟ್‌ನಿಂದ ಜಿಂಕಂವರೆಗೆ ಒಂದೊಂದು ಔಷಧದ ಅಡಿಯಲ್ಲೂ ಮನಸ್ಸು, ತಲೆ, ಹೊಟ್ಟೆ, ಚರ್ಮ ಹೀಗೆ ಲಕ್ಷಣಗಳಿರುತ್ತವೆ.
* ರೆಪರ್ಟರಿ: ಲಕ್ಷಣದ ಕ್ರಮ. ಒಂದೊಂದು ಲಕ್ಷಣದ ಮುಂದೆ ಅದಕ್ಕೆ ಹೊಂದುವ ಔಷಧಗಳ ಸಾಲು ಇರುತ್ತದೆ. ಮೆಟೀರಿಯಾ ಮೆಡಿಕಾವನ್ನು ತಿರುವಿ ಹಾಕಿದ ಸೂಚಿ ಎನ್ನಬಹುದು.
* ಪ್ರಿಸ್ಕ್ರೈಬರ್ ಅಥವಾ ಗೃಹ ಚಿಕಿತ್ಸೆಯ ಪುಸ್ತಕ: ಕಾಯಿಲೆಯ ಹೆಸರಿನ ಕ್ರಮ. ಮನೆಗಳಲ್ಲಿ ಹೆಚ್ಚು ಬಳಕೆಯಾಗುವುದು ಇದೇ.

ಅಕ್ಷರ ಕ್ರಮ ಬಂದದ್ದು ಹೇಗೆ?

ಹೋಮಿಯೋಪಥಿಯ ಜನಕ, ಜರ್ಮನಿಯ ಸ್ಯಾಮುಯೆಲ್ ಹಾನಿಮನ್ 1805ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದ ಔಷಧ ಗ್ರಂಥಕ್ಕೆ ಎರಡು ಭಾಗಗಳಿದ್ದವು. ಮೊದಲನೆಯದರಲ್ಲಿ ಔಷಧಗಳ ಲಕ್ಷಣ, ಎರಡನೆಯದರಲ್ಲಿ ಅವುಗಳ ಸೂಚಿ. ಅಂದರೆ ಹುಡುಕುವ ಸಮಸ್ಯೆ ಆರಂಭದಲ್ಲೇ ಇತ್ತು. ಔಷಧಗಳ ಸಂಖ್ಯೆ ಬೆಳೆದಂತೆ ಎಲ್ಲವನ್ನೂ ನೆನಪಿಡುವುದು ಅಸಾಧ್ಯವಾಯಿತು.

ಹಾನಿಮನ್ನರ ಶಿಷ್ಯ ಬೋನಿಂಗ್‌ಹೌಸನ್ 1832ರಲ್ಲಿ ಅಚ್ಚು ಹಾಕಿಸಿದ ರೆಪರ್ಟರಿಯ ಶೀರ್ಷಿಕೆಯಲ್ಲೇ 'ಅಕಾರಾದಿ' ಎಂಬ ಅರ್ಥದ ಪದವಿತ್ತು. ಅವರು ಓದಿದ್ದು ಕಾನೂನು, ಆಸಕ್ತಿ ಸಸ್ಯಶಾಸ್ತ್ರ. ಅಮೆರಿಕದ ಜೇಮ್ಸ್ ಟೈಲರ್ ಕೆಂಟ್ ಅವರ ಬೃಹತ್ ರೆಪರ್ಟರಿ 1897ರಿಂದ ಹೊರಬರತೊಡಗಿತು. ಅದು 'ಮನಸ್ಸು' ಅಧ್ಯಾಯದಿಂದ ಶುರುವಾಗಿ ಇಡೀ ದೇಹಕ್ಕೆ ಅನ್ವಯಿಸುವ ಸಾಮಾನ್ಯ ಲಕ್ಷಣಗಳಲ್ಲಿ ಮುಗಿಯುತ್ತದೆ. ಅಧ್ಯಾಯಗಳ ಒಳಗೆ ಲಕ್ಷಣಗಳು ಇಂಗ್ಲಿಷ್ ಅಕ್ಷರ ಕ್ರಮದಲ್ಲಿವೆ.

ಇಂಗ್ಲೆಂಡಿನ ಜಾನ್ ಹೆನ್ರಿ ಕ್ಲಾರ್ಕ್ 1885ರಲ್ಲಿ ಕಾಯಿಲೆಗಳ ಅಕಾರಾದಿ ಕೈಪಿಡಿಯನ್ನೂ, 1900ರಿಂದ ಔಷಧಗಳ ದೊಡ್ಡ ನಿಘಂಟನ್ನೂ ತಂದರು. ವಿಲಿಯಂ ಬೋರಿಕ್ ಅವರ ಪಾಕೆಟ್ ಮ್ಯಾನ್ಯುಯಲ್ 1901ರಲ್ಲಿ ಮೊದಲ ಮುದ್ರಣ ಕಂಡಿತು. 1927ರ ಒಂಬತ್ತನೇ ಆವೃತ್ತಿ ಇಂದಿಗೂ ಭಾರತದಲ್ಲಿ ಮರುಮುದ್ರಣವಾಗುತ್ತಲೇ ಇದೆ. ಮುಂಬೈಯ ಡಾ. ಎಸ್.ಆರ್. ಫಾಟಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಧ್ಯಾಯಗಳನ್ನೇ ಬಿಟ್ಟು, ದೇಹದ ಭಾಗ, ಲಕ್ಷಣ, ಕಾರಣ ಎಲ್ಲವನ್ನೂ ಒಂದೇ ಅಕಾರಾದಿಯಲ್ಲಿ ಪೋಣಿಸಿದ ಸಂಕ್ಷಿಪ್ತ ರೆಪರ್ಟರಿ ಕೊಟ್ಟರು.

ಹುಡುಕುವುದು ಹೇಗೆ? ಈರುಳ್ಳಿಯ ಉದಾಹರಣೆ

ಈರುಳ್ಳಿ ಹೆಚ್ಚುವಾಗ ಕಣ್ಣು, ಮೂಗು ಎರಡರಲ್ಲೂ ನೀರು ಬರುತ್ತದೆ. ಅದೇ ಈರುಳ್ಳಿಯಿಂದ ತಯಾರಾಗುವ ಔಷಧ ಆಲಿಯಂ ಸೆಪಾ. ನೆಗಡಿಗೆ ಪುಸ್ತಕ ತೆರೆದರೆ ಇದರ ಜೊತೆಗೇ ಯೂಫ್ರೇಶಿಯಾ ಎಂಬ ಇನ್ನೊಂದು ಹೆಸರೂ ಸಿಗುತ್ತದೆ. ಎರಡರಲ್ಲೂ ಕಣ್ಣು, ಮೂಗು ಸೋರುತ್ತವೆ. ಹಾಗಾದರೆ ವ್ಯತ್ಯಾಸವೇನು?

ಮೂಗಿನ ನೀರು ಉರಿ ತರಿಸಿ ಚರ್ಮ ಕೆಂಪಾಗಿಸಿದರೆ, ಕಣ್ಣೀರು ಉರಿಯದಿದ್ದರೆ ಆಲಿಯಂ ಸೆಪಾ ಎನ್ನುತ್ತವೆ ಪುಸ್ತಕಗಳು. ಕಣ್ಣೀರು ಉರಿದು, ಮೂಗಿನ ನೀರು ಉರಿಯದಿದ್ದರೆ ಯೂಫ್ರೇಶಿಯಾ. ಅಂದರೆ 'ನೆಗಡಿ' ಎಂಬ ಒಂದೇ ಪದ ಹಿಡಿದು ಹೊರಟವರಿಗೆ ಸಿಗುವುದು ಉತ್ತರವಲ್ಲ, ಹೆಸರುಗಳ ಉದ್ದ ಸಾಲು.

ವೈದ್ಯರು ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ. ಮೊದಲು ರೋಗಿಯ ಮಾತು ಕೇಳಿ ಲಕ್ಷಣಗಳನ್ನು ಬರೆದುಕೊಳ್ಳುವುದು. ಯಾವ ಹೊತ್ತಿಗೆ ಹೆಚ್ಚು, ಯಾವುದರಿಂದ ಕಡಿಮೆ, ಬಾಯಾರಿಕೆ, ನಿದ್ದೆ, ಮನಸ್ಥಿತಿ ಎಲ್ಲವೂ ಬೇಕು. ನಂತರ ರೆಪರ್ಟರಿಯಲ್ಲಿ ಪ್ರತಿ ಲಕ್ಷಣದ ಸಾಲು ತೆಗೆಯುವುದು. ಕೆಂಟ್ ಪುಸ್ತಕದಲ್ಲಿ ದಪ್ಪ ಅಕ್ಷರದ ಔಷಧಕ್ಕೆ 3, ವಾರೆ ಅಕ್ಷರಕ್ಕೆ 2, ಸಾದಾ ಅಕ್ಷರಕ್ಕೆ 1 ಅಂಕ. ಅಂಕ ಕೂಡಿಸಿ ಮುಂದಿರುವ ನಾಲ್ಕೈದು ಔಷಧಗಳನ್ನು ಮತ್ತೆ ಮೆಟೀರಿಯಾ ಮೆಡಿಕಾದಲ್ಲಿ ಓದಿ, ಒಂದನ್ನು ಆರಿಸುವುದು. ಇಂದು ಕೂಡುವ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಆದರೆ ಯಾವ ಲಕ್ಷಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ತೀರ್ಮಾನ ವೈದ್ಯರದ್ದೇ. ಒಬ್ಬನೇ ರೋಗಿಗೆ ಇಬ್ಬರು ವೈದ್ಯರು ಬೇರೆ ಬೇರೆ ಔಷಧ ಆರಿಸಲು ಇದೂ ಒಂದು ಕಾರಣ.

ಕನ್ನಡ ಅಕ್ಷರಮಾಲೆಗೆ ಬಂದರೆ ತೊಡಕು

ಔಷಧಗಳ ಹೆಸರು ಲ್ಯಾಟಿನ್, ಕ್ರಮ ಇಂಗ್ಲಿಷ್. ಅದನ್ನು ಭಾರತೀಯ ಲಿಪಿಗಳಿಗೆ ತಂದಾಗ ಜಾಗ ಅದಲುಬದಲಾಗುತ್ತದೆ. ಇಂಗ್ಲಿಷ್‌ನ ಮೊದಲ ಅಕ್ಷರದಡಿ ಒಟ್ಟಿಗೆ ಇರುವ ಅಕೋನೈಟ್, ಆರ್ನಿಕಾ, ಏಪಿಸ್ ಕನ್ನಡದಲ್ಲಿ ಅ, ಆ, ಏ ಎಂದು ಚದುರುತ್ತವೆ. ಇಂಗ್ಲಿಷ್‌ನಲ್ಲಿ ದೂರ ದೂರವಿರುವ ಕ್ಯಾಲ್ಕೇರಿಯಾ ಕಾರ್ಬ್ ಮತ್ತು ಕಾಲಿ ಕಾರ್ಬ್ 'ಕ' ಅಕ್ಷರದಡಿ ಹತ್ತಿರವಾಗುತ್ತವೆ. ಮೊದಲನೆಯದು ಚಿಪ್ಪಿನ ಸುಣ್ಣ, ಎರಡನೆಯದು ಪೊಟ್ಯಾಸಿಯಂ ಲವಣ.

ಇನ್ನೂ ಗೊಂದಲ ತರುವ ಜೋಡಿ ಸಿನಾ ಮತ್ತು ಚೈನಾ. ಇಂಗ್ಲಿಷ್‌ನಲ್ಲಿ ಇವುಗಳ ನಡುವೆ ಒಂದೇ ಅಕ್ಷರದ ವ್ಯತ್ಯಾಸ. ಸಿನಾ ಹೊಟ್ಟೆಹುಳುವಿಗೆ ಹೆಸರಾದ ಗಿಡದಿಂದ, ಚೈನಾ ಮಲೇರಿಯಾದ ಕ್ವಿನೈನ್ ಕೊಡುವ ಸಿಂಕೋನಾ ಮರದ ತೊಗಟೆಯಿಂದ. ಮರ್ಕ್ಯೂರಿಯಸ್ ಹೆಸರಿನಲ್ಲೂ ಹಲವು ಔಷಧಗಳಿದ್ದು, ಎಲ್ಲವೂ ಪಾದರಸದ ಬೇರೆ ಬೇರೆ ರೂಪಗಳು. ಹೆಸರಿನ ಬಾಲ ಓದದೆ ಬಾಟಲಿ ಕೊಂಡರೆ ಬೇರೆಯದೇ ಮನೆಗೆ ಬರುತ್ತದೆ.

ಕೆಲವು ಹೆಸರು ವಿದೇಶಿಯಾದರೂ ವಸ್ತು ನಮ್ಮದೇ. ನೇಟ್ರಂ ಮ್ಯೂರ್ ಎಂದರೆ ಅಡುಗೆ ಉಪ್ಪು. ನಕ್ಸ್ ವೊಮಿಕಾ ಎಂದರೆ ಕರಾವಳಿಯ ಕಾಸರಕ. ಕಾಸರಗೋಡಿನ ಹೆಸರಿಗೆ ಈ ಮರವೇ ಮೂಲ ಎಂಬ ಅಭಿಪ್ರಾಯವೂ ಇದೆ.

ಬಂಗಾಳದ ಮನೆ, ಮಂಗಳೂರಿನ ಆಲದ ಮರ

ಕೈಪಿಡಿ ಬಂಗಾಳದ ಮನೆ ಮನೆಗೆ ಮುಟ್ಟಿದ್ದಕ್ಕೆ ಹಿನ್ನೆಲೆಯಿದೆ. ಕಲ್ಕತ್ತಾ ವಿಶ್ವವಿದ್ಯಾಲಯದ ಎಂ.ಡಿ. ಪದವೀಧರರಾಗಿದ್ದ ಮಹೇಂದ್ರಲಾಲ್ ಸರ್ಕಾರ್ ಮೊದಲು ಹೋಮಿಯೋಪಥಿಯ ಕಟು ಟೀಕಾಕಾರ. ರಾಜೇಂದ್ರಲಾಲ್ ದತ್ತರ ರೋಗಿಗಳನ್ನು ಕಣ್ಣಾರೆ ಕಂಡ ಮೇಲೆ 1867ರಲ್ಲಿ ಬಹಿರಂಗವಾಗಿ ಪಕ್ಷ ಬದಲಿಸಿದರು, ಸಹೋದ್ಯೋಗಿಗಳ ಬಹಿಷ್ಕಾರವನ್ನೂ ಎದುರಿಸಿದರು. ಇದೇ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆಯಲ್ಲೇ ಮುಂದೆ ಸಿ.ವಿ. ರಾಮನ್ ನೊಬೆಲ್ ತಂದುಕೊಟ್ಟ ಪ್ರಯೋಗ ನಡೆಸಿದರು. ಈಶ್ವರಚಂದ್ರ ವಿದ್ಯಾಸಾಗರರು ಕರ್ಮಾಟಾಡ್‌ನ ಸಂತಾಲರಿಗೆ ಹೋಮಿಯೋಪಥಿ ಔಷಧ ಹಂಚುತ್ತಿದ್ದರು. ಮಹೇಶಚಂದ್ರ ಭಟ್ಟಾಚಾರ್ಯರ ಕಂಪನಿ ಅಗ್ಗದ ಔಷಧದ ಜೊತೆಗೆ 'ಪಾರಿವಾರಿಕ ಚಿಕಿತ್ಸಾ' ಎಂಬ ಬಂಗಾಳಿ ಕೈಪಿಡಿಯನ್ನೂ ತಂದಿತು. ಡಾಕ್ಟರ್ ಸಿಗದ ಹಳ್ಳಿಗೆ ಪುಸ್ತಕವೇ ಡಾಕ್ಟರ್ ಆಯಿತು.

ಕರ್ನಾಟಕದಲ್ಲಿ ಇದೇ ಕಾಲಕ್ಕೆ ಜರ್ಮನ್ ಜೆಸ್ಯೂಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಆಲದ ಮರದಡಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದ್ದರು. 1880ರ ಆ ಔಷಧಾಲಯವೇ ಇಂದಿನ ಫಾದರ್ ಮುಲ್ಲರ್ ಸಂಸ್ಥೆಗಳ ಬೇರು. ಅಲ್ಲಿ ಈಗ ಹೋಮಿಯೋಪಥಿ ಕಾಲೇಜೂ ಇದೆ, ಅಲೋಪಥಿ ಮೆಡಿಕಲ್ ಕಾಲೇಜೂ ಇದೆ.

ಹೆಸರಿನ ಪಕ್ಕದ ಸಂಖ್ಯೆ ಏನು?

ಕೈಪಿಡಿಯಲ್ಲಿ ಔಷಧದ ಮುಂದೆ 6, 30, 200 ಎಂಬ ಸಂಖ್ಯೆಗಳಿರುತ್ತವೆ. ಇವು ಡೋಸ್ ಅಲ್ಲ, ದುರ್ಬಲಗೊಳಿಸಿದ ಹಂತಗಳು. ಒಂದು ಭಾಗ ಔಷಧಕ್ಕೆ 99 ಭಾಗ ಮದ್ಯಸಾರ ಅಥವಾ ನೀರು ಸೇರಿಸಿ ಕುಲುಕಿದರೆ ಒಂದು ಹಂತ. ಅದರಿಂದ ಒಂದು ಭಾಗ ತೆಗೆದು ಮತ್ತೆ 99 ಭಾಗ ಸೇರಿಸಿದರೆ ಎರಡನೆಯದು. ರಸಾಯನಶಾಸ್ತ್ರದ ಲೆಕ್ಕದಂತೆ ಸುಮಾರು 12ನೇ ಹಂತ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣುವೂ ಉಳಿಯುವ ಸಾಧ್ಯತೆ ತೀರಾ ಕಡಿಮೆ. ಲೈಕೋಪೋಡಿಯಂ 200 ಎಂದರೆ ಹಾವಸೆಯನ್ನು ಹೋಲುವ ಗಿಡದ ಬೀಜಕಣವನ್ನು ಹೀಗೆ 200 ಬಾರಿ ದುರ್ಬಲಗೊಳಿಸಿದ್ದು. ಕುಲುಕುವುದರಿಂದ ಶಕ್ತಿ ಹೆಚ್ಚುತ್ತದೆ ಎಂಬುದು ಹೋಮಿಯೋಪಥಿಯ ನಂಬಿಕೆ. ಮುಖ್ಯವಾಹಿನಿಯ ವಿಜ್ಞಾನ ಇದನ್ನು ಒಪ್ಪಿಲ್ಲ.

ಮದರ್ ಟಿಂಕ್ಚರ್ ಮತ್ತು ಕೆಳ ಹಂತದ ಔಷಧಗಳ ಮಾತು ಬೇರೆ. ಅವುಗಳಲ್ಲಿ ಮೂಲ ವಸ್ತು ಇರುತ್ತದೆ. ಅಕೋನೈಟ್, ಬೆಲ್ಲಡೋನಾ, ಆರ್ಸೆನಿಕ್, ಕಾಸರಕ ಎಲ್ಲವೂ ಮೂಲದಲ್ಲಿ ವಿಷವೇ. ಮಕ್ಕಳ ಹಲ್ಲು ಮೂಡುವಾಗಿನ ನೋವಿಗೆ ಮಾರಾಟವಾಗುತ್ತಿದ್ದ ಕೆಲವು ಹೋಮಿಯೋಪಥಿ ಮಾತ್ರೆಗಳಲ್ಲಿ ಬೆಲ್ಲಡೋನಾ ಅಂಶ ಏರುಪೇರಾಗಿದ್ದನ್ನು ಅಮೆರಿಕದ ಎಫ್‌ಡಿಎ 2017ರಲ್ಲಿ ಪತ್ತೆ ಮಾಡಿ ಪೋಷಕರನ್ನು ಎಚ್ಚರಿಸಿತ್ತು.

ಬಾರಾನಗರದ ಇನ್ನೊಂದು ವಿಳಾಸ

ಔಷಧ ಕೊಟ್ಟ ಮೇಲೆ ಗುಣವಾಯಿತು ಎಂದ ಮಾತ್ರಕ್ಕೆ ಔಷಧದಿಂದಲೇ ಗುಣವಾಯಿತೇ? ಇಂಥ ಪ್ರಶ್ನೆಗೆ ಉತ್ತರ ಹುಡುಕುವ ವಿದ್ಯೆ ಸಂಖ್ಯಾಶಾಸ್ತ್ರ. ಭಾರತದಲ್ಲಿ ಅದರ ದೊಡ್ಡ ಮನೆ ಇರುವುದೂ ಬಾರಾನಗರದಲ್ಲೇ. ಪಿ.ಸಿ. ಮಹಲನೋಬಿಸ್ 1931ರಲ್ಲಿ ಸ್ಥಾಪಿಸಿದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಇಲ್ಲಿನ ಬ್ಯಾರಕ್‌ಪುರ ಟ್ರಂಕ್ ರಸ್ತೆಯಲ್ಲಿದೆ. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ ವಿಶ್ವಖ್ಯಾತರಾದ ಸಿ.ಆರ್. ರಾವ್ ದಶಕಗಳ ಕಾಲ ದುಡಿದದ್ದು ಇದೇ ಸಂಸ್ಥೆಯಲ್ಲಿ.

ನೆಗಡಿ ತಾನಾಗಿಯೇ ವಾರದಲ್ಲಿ ವಾಸಿಯಾಗುತ್ತದೆ. ದೀರ್ಘ ಕಾಯಿಲೆಗಳೂ ಏರಿಳಿಯುತ್ತವೆ. ಆದ್ದರಿಂದ ಒಬ್ಬ ರೋಗಿಯ ಅನುಭವ ಸಾಲದು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಖಾಲಿ ಗುಳಿಗೆ ಕೊಟ್ಟು ಹೋಲಿಸಬೇಕು. ಇಂಥ ಅಧ್ಯಯನಗಳನ್ನು ಪರಿಶೀಲಿಸಿದ ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ಯಾವ ಕಾಯಿಲೆಯಲ್ಲೂ ವಿಶ್ವಾಸಾರ್ಹ ಪುರಾವೆ ಇಲ್ಲವೆಂದು 2015ರಲ್ಲಿ ಹೇಳಿತು. ಹೋಮಿಯೋಪಥರು ಆ ಪರಿಶೀಲನೆಯ ವಿಧಾನವನ್ನು ಪ್ರಶ್ನಿಸಿದ್ದಾರೆ. ಭಾರತದಲ್ಲಿ ಇದು ಕಾನೂನು ಮಾನ್ಯತೆ ಪಡೆದ ಪದ್ಧತಿ. 1973ರ ಕಾಯ್ದೆಯ ಜಾಗಕ್ಕೆ 2020ರ ರಾಷ್ಟ್ರೀಯ ಹೋಮಿಯೋಪಥಿ ಆಯೋಗ ಕಾಯ್ದೆ ಬಂದಿದೆ. ಆದರೆ ಮಾನ್ಯತೆ ಬೇರೆ, ಪುರಾವೆ ಬೇರೆ.

ಮನೆಯಲ್ಲಿ ಕೈಪಿಡಿ ಇದ್ದರೆ ಇವು ನೆನಪಿರಲಿ

* ಎದೆನೋವು, ಉಸಿರಾಟದ ತೊಂದರೆ, ಮೈಯ ಒಂದು ಭಾಗ ಸ್ವಾಧೀನ ತಪ್ಪುವುದು, ಫಿಟ್ಸ್, ಹಾವು ಕಡಿತ, ನಿಲ್ಲದ ರಕ್ತಸ್ರಾವ: ಪುಸ್ತಕ ತೆರೆಯುವ ಹೊತ್ತಲ್ಲ. ನೇರ ಆಸ್ಪತ್ರೆಗೆ ಹೋಗಿ.
* ಕ್ಷಯ, ಮಲೇರಿಯಾ, ಎಚ್‌ಐವಿ, ಶಿಶುಗಳ ಭೇದಿಗೆ ಹೋಮಿಯೋಪಥಿಯನ್ನು ನೆಚ್ಚಿಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಎಚ್ಚರಿಸಿದೆ. ಭೇದಿಯಾದ ಮಗುವಿಗೆ ಮೊದಲು ಬೇಕಿರುವುದು ಓಆರ್‌ಎಸ್.
* ವಾರಗಟ್ಟಲೆ ಮಾಯದ ಹುಣ್ಣು, ಗಂಟು, ದನಿ ಒಡೆಯುವಿಕೆ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮೊದಲು ತಪಾಸಣೆ ಮಾಡಿಸಿ.
* ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಫಿಟ್ಸ್ ಮಾತ್ರೆಗಳನ್ನು ಪುಸ್ತಕ ನೋಡಿ ನಿಲ್ಲಿಸಬೇಡಿ.
* ಗರ್ಭಿಣಿಯರಿಗೆ, ಶಿಶುಗಳಿಗೆ ಮದರ್ ಟಿಂಕ್ಚರ್ ಸ್ವಂತ ನಿರ್ಧಾರದಿಂದ ಕೊಡಬೇಡಿ.
* ವೈದ್ಯರ ಬಳಿ ಹೋಗುವುದಾದರೆ ಬಿ.ಎಚ್.ಎಂ.ಎಸ್. ಪದವಿ ಮತ್ತು ನೋಂದಣಿ ಇದೆಯೇ ನೋಡಿ. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ವಿವರವನ್ನು ಇಬ್ಬರು ವೈದ್ಯರಿಗೂ ತಿಳಿಸಿ.

ಕಾಶಿಪುರದ ತೋಟದ ಮನೆಯಲ್ಲಿ 1886ರಲ್ಲಿ ಗಂಟಲಿನ ಕ್ಯಾನ್ಸರ್‌ಗೆ ಯಾವ ಪದ್ಧತಿಯಲ್ಲೂ ಮದ್ದಿರಲಿಲ್ಲ. ವಿಕಿರಣ ಚಿಕಿತ್ಸೆಗೆ ದಾರಿ ಮಾಡಿದ ಎಕ್ಸ್-ರೇ ಪತ್ತೆಯಾಗಿದ್ದೇ 1895ರಲ್ಲಿ. ಇಂದು ಬೇಗ ಪತ್ತೆಯಾದ ಗಂಟಲಿನ ಕ್ಯಾನ್ಸರ್ ಎಷ್ಟೋ ಮಂದಿಯಲ್ಲಿ ವಾಸಿಯಾಗುತ್ತದೆ. ಆದ್ದರಿಂದ ಗಂಟಲು ನೋವು ಮೂರು ವಾರ ದಾಟಿದರೆ ಕೈಪಿಡಿಯಲ್ಲಿ ಮುಂದಿನ ಹೆಸರು ಹುಡುಕುತ್ತಾ ಕೂರಬೇಡಿ, ಇಎನ್‌ಟಿ ವೈದ್ಯರಿಗೆ ತೋರಿಸಿ.