ಕರಿ ಹರಿದ ಅಗಸಿ

ಪರದೆಯ ಮೇಲೆ ನೀವು ಮೋಟಾರು ಪಂದ್ಯ ನೋಡಿರುತ್ತೀರಿ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಿರಿಯರಿಗೆ ಮಣ್ಣಿನ ಹಾದಿಯ ಪಂದ್ಯವೆಂದರೆ ಎತ್ತಿನ ಓಟ. ಕಾರಹುಣ್ಣಿಮೆಯಂದು ಊರ ಅಗಸಿಗೆ ಅಡ್ಡಲಾಗಿ ಬೇವಿನ ತಪ್ಪಲಿನ ಹಗ್ಗ ಕಟ್ಟುತ್ತಿದ್ದರು. ಬಣ್ಣದ ಕೊಂಬಿನ ಎತ್ತುಗಳು ಓಡಿಬಂದು ಅದನ್ನು ಹರಿಯುವುದೇ 'ಕರಿ ಹರಿಯುವುದು'. ಬಿಳಿ ಎತ್ತು ಮುಂದಾದರೆ ಹಿಂಗಾರಿ ಜೋಳ, ಕೆಂದೆತ್ತು ಮುಂದಾದರೆ ಮುಂಗಾರಿ ಪೈರು ಚೆನ್ನಾಗಿ ಬರುವುದೆಂಬ ನಂಬಿಕೆ. ನಗಬೇಡಿ, ಮಳೆಯೊಂದನ್ನೇ ನೆಚ್ಚಿದ ಎರೆಹೊಲದ ರೈತನಿಗೆ ಅದು ಬರಿಯ ಆಟವಾಗಿರಲಿಲ್ಲ.

ಪ್ರಾಣಿಹಿಂಸೆಯ ಕಾರಣಕ್ಕೆ 2014ರಲ್ಲಿ ಸುಪ್ರೀಂ ಕೋರ್ಟು ಬಂಡಿ ಓಟಗಳನ್ನು ನಿಷೇಧಿಸಿತು. ರಾಜ್ಯವು 2017ರಲ್ಲಿ ಕಾಯಿದೆ ತಿದ್ದಿತು. 2023ರಲ್ಲಿ ಕೋರ್ಟು ಅದನ್ನು ಒಪ್ಪಿತು. ಅಷ್ಟರಲ್ಲಿ ನಾರಾಯಣಪುರ ಜಲಾಶಯದ ಕಾಲುವೆ ನೀರಿಗೆ ಶಹಾಪುರ, ಸುರಪುರಗಳ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿದ್ದವು. ಕೊಟ್ಟಿಗೆಯಲ್ಲಿ ಎತ್ತುಗಳಿದ್ದ ಜಾಗದಲ್ಲಿ ಟ್ರ್ಯಾಕ್ಟರು ನಿಂತಿತ್ತು.